ಎರಡು ವಾರಕ್ಕೆ ಬರಬೇಡಿ, ಉಳಿಯುವವರನ್ನು ಕಳಿಸಿ: ಕರ್ನಾಟಕದ ಕ್ರೈಸ್ತ ಸಭೆಗಳಿಗೆ ರೊಮೇನಿಯಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರೇ, ಮಿಷನ್ ಕಮಿಟಿಯ ಹಿರಿಯರೇ, ಯೌವನಸ್ಥರ ಸಂಘದ ಗೆಳೆಯರೇ,

ಕರ್ತನ ನಾಮದಲ್ಲಿ ನಿಮಗೆಲ್ಲ ವಂದನೆಗಳು.

ಬೇಸಿಗೆ ರಜೆಯಲ್ಲಿ ಇಪ್ಪತ್ತು ಜನರ ತಂಡ ಕಟ್ಟಿಕೊಂಡು ನಮ್ಮಲ್ಲಿಗೆ ಬರುತ್ತೇವೆ, ಅಂಗವಿಕಲ ಅನಾಥ ಮಕ್ಕಳ ಜೊತೆ ಎರಡು ವಾರ ಕಳೆಯುತ್ತೇವೆ ಅಂತ ನಿಮ್ಮಲ್ಲಿ ಕೆಲವು ಸಭೆಗಳು ಬರೆದಿವೆ. 2025ರ ಜನವರಿಯಿಂದ ರೊಮೇನಿಯಾ ಷೆಂಗೆನ್ ಒಕ್ಕೂಟಕ್ಕೆ ಪೂರ್ತಿ ಸೇರಿದೆ. ಒಂದೇ ವೀಸಾದಲ್ಲಿ ಯುರೋಪಿನ ಬೇರೆ ದೇಶಗಳನ್ನೂ ನೋಡಿ ಬರಬಹುದು. ಹಾಗಾಗಿ ಇಂಥ ಪತ್ರಗಳು ಜಾಸ್ತಿಯಾಗಿವೆ. ಪ್ರತಿ ಸಭೆಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲರಿಗೂ ಸೇರಿಸಿ, ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಸಭೆಗೆ ಹೋಗದವರೂ ಓದಲಿ ಅನ್ನುವುದು ನನ್ನ ಆಸೆ. ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಕೇಕ್ ಹಿಡಿದು ಹೋಗುವ ರೂಢಿ ನಮ್ಮ ಕಡೆ ಎಲ್ಲ ಧರ್ಮದವರಲ್ಲೂ ಇದೆ, ಅಲ್ವಾ?

ನನ್ನ ಉತ್ತರ ಇಷ್ಟು. ದಯವಿಟ್ಟು ಹಾಗೆ ಬರಬೇಡಿ. ಆ ಇಪ್ಪತ್ತು ಟಿಕೆಟ್ಟಿನ ಹಣದಲ್ಲಿ ಒಬ್ಬರನ್ನು ಕೆಲವು ವರ್ಷ ಇಲ್ಲೇ ಇರುವ ಹಾಗೆ ಕಳಿಸಿ. ಕಾರಣ ಹೇಳದೆ ಬೇಡ ಅಂದರೆ ನಿಮಗೂ ಬೇಜಾರು, ನನಗೂ ಸಮಾಧಾನವಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಾನು ಧಾರವಾಡದ ಕಡೆಯವಳು. ಓದಿದ್ದು ಫಿಸಿಯೋಥೆರಪಿ. ನನ್ನ ಗಂಡ ವಿಶೇಷ ಮಕ್ಕಳ ಶಿಕ್ಷಕ. ರೊಮೇನಿಯಾದ ಪಶ್ಚಿಮಕ್ಕೆ, ಹಂಗೇರಿ ಗಡಿಯ ಹತ್ತಿರದ ಒಂದು ಊರಿನಲ್ಲಿ, ಇಲ್ಲಿನ ಒಂದು ಸಣ್ಣ ಸಭೆಯ ಜೊತೆ ಸೇರಿ ಒಂದು ಮನೆ ನಡೆಸುತ್ತೇವೆ. ಎಳೆಯ ವಯಸ್ಸಿನಿಂದ ಸರ್ಕಾರಿ ಅನಾಥಾಲಯಗಳಲ್ಲೇ ಬೆಳೆದ ಅಂಗವಿಕಲರು ನಮ್ಮ ಮನೆಯವರು. ನೀವು ‘ಮಕ್ಕಳು’ ಅಂತ ಬರೆಯುತ್ತೀರಿ. ಅವರಲ್ಲಿ ಕೆಲವರಿಗೆ ಮೂವತ್ತು ದಾಟಿದೆ.

ರೊಮೇನಿಯಾ ಅಂದರೆ ನಮ್ಮ ಕಡೆ ಬಹಳ ಜನಕ್ಕೆ 2022ರ ಫೆಬ್ರವರಿ, ಮಾರ್ಚ್ ತಿಂಗಳು ನೆನಪಾಗುತ್ತದೆ. ಉಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹುಡುಗ ಹುಡುಗಿಯರು ಯುದ್ಧ ಶುರುವಾದಾಗ ಸಿರೆತ್ ಗಡಿ ದಾಟಿ ಬಂದದ್ದು ಈ ದೇಶಕ್ಕೇ. ಬುಕಾರೆಸ್ಟಿನಿಂದ, ಸುಚಾವಾದಿಂದ ‘ಆಪರೇಷನ್ ಗಂಗಾ’ ವಿಮಾನ ಹತ್ತಿದರು. ಹಿಮದಲ್ಲಿ ನಡುಗುತ್ತಾ ಬಂದವರಿಗೆ ಇಲ್ಲಿನ ಸಾಮಾನ್ಯ ಜನ ಬಿಸಿ ಸೂಪು, ಕಂಬಳಿ ಕೊಟ್ಟರು, ಮಲಗಲು ಜಾಗ ಕೊಟ್ಟರು. ಒಳ್ಳೆಯ ಜನ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವ ಸಂಗತಿ ಓದಿ ಈ ಜನರೇ ಕ್ರೂರಿಗಳು ಅಂತ ಯಾರೂ ಅಂದುಕೊಳ್ಳಬಾರದು.

1966ರಲ್ಲಿ ಇಲ್ಲಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ 770ನೇ ನಂಬರಿನ ಆದೇಶ ಹೊರಡಿಸಿತು. ದೇಶದ ಜನಸಂಖ್ಯೆ ಹೆಚ್ಚಬೇಕು ಅಂತ ಗರ್ಭಪಾತ ನಿಷೇಧವಾಯಿತು. ಗರ್ಭನಿರೋಧಕ ಸಿಗುವುದೇ ಕಷ್ಟವಾಯಿತು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು. ಮನೆಯಲ್ಲಿ ಊಟಕ್ಕಿಲ್ಲ, ಮೇಲೆ ಮೇಲೆ ಮಕ್ಕಳು. ಸಾಕಲು ಆಗದಿದ್ದರೆ ನಮಗೆ ಕೊಡಿ, ನಿಮಗಿಂತ ಚೆನ್ನಾಗಿ ಸಾಕುತ್ತೇವೆ ಅಂತ ಸರ್ಕಾರವೇ ಹೇಳುತ್ತಿತ್ತು. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಬಿದ್ದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ಸಂಸ್ಥೆಗಳಲ್ಲಿದ್ದರು. ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಅನಾಥರು ಅನ್ನುವುದು ನಾವು ಕೊಟ್ಟ ಹೆಸರು ಅಷ್ಟೆ.

ಇದರಲ್ಲೂ ಅಂಗವಿಕಲ ಮಕ್ಕಳ ಪಾಡು ಬೇರೆ. ಮೂರು ವರ್ಷ ತುಂಬಿದಾಗ ಒಂದು ಸಮಿತಿ ಮಗುವನ್ನು ನೋಡುತ್ತಿತ್ತು. ಮುಂದೆ ಕೆಲಸಕ್ಕೆ ಬರಬಹುದು ಅನಿಸಿದವರು ಒಂದು ಕಡೆಗೆ. ಉಳಿದವರ ಕಾಗದದ ಮೇಲೆ ‘ಇರೆಕುಪೆರಾಬಿಲ್’, ಅಂದರೆ ಸರಿಹೋಗದವರು, ಅಂತ ಬರೆದು, ಊರಾಚೆಯ ‘ಕಮಿನ್ ಸ್ಪಿತಾಲ್’ (ಆಸ್ಪತ್ರೆ-ವಸತಿ) ಅನ್ನುವ ಜಾಗಗಳಿಗೆ. ಮೆಳ್ಳೆಗಣ್ಣು, ಸೀಳುತುಟಿಯಂಥ ಸಣ್ಣ ತೊಂದರೆಯಿದ್ದವರೂ ಆ ಪಟ್ಟಿಗೆ ಸೇರಿದ್ದಾರೆ. ಒಂದು ಆಪರೇಷನ್ನಿನಲ್ಲಿ ಸರಿಹೋಗಬಹುದಾಗಿದ್ದ ಮಗು ಮಂಚದಲ್ಲೇ ಬಿದ್ದು ಬಿದ್ದು ಕೈಕಾಲು ಮುರುಟಿಕೊಂಡು ನಿಜವಾಗಿಯೂ ಅಂಗವಿಕಲವಾಯಿತು. ನಮ್ಮ ಮನೆಯಲ್ಲಿರುವ ಒಬ್ಬನ ಮೊಣಕಾಲುಗಳನ್ನು ದಿನಾ ಹಿಡಿದು ನೀವುವಾಗ ನನಗೆ ಇದೇ ಯೋಚನೆ. ಅವನ ನರಗಳಲ್ಲಿ ಅಂಥ ದೊಡ್ಡ ದೋಷವಿಲ್ಲ. ಅವನು ನಡೆಯದಿರುವುದಕ್ಕೆ ಕಾರಣ ಆ ಮಂಚ.

ನಮ್ಮ ಊರಿನಿಂದ ದೂರವಲ್ಲದ ಬಿಹೋರ್ ಜಿಲ್ಲೆಯಲ್ಲಿ ಚಿಗಿಡ್ ಅಂತ ಒಂದು ಜಾಗವಿದೆ. ಹಳೇ ಕಾಲದ ದೊಡ್ಡ ಬಂಗಲೆ. 1990ರಲ್ಲಿ ಪತ್ರಕರ್ತರು ಅಲ್ಲಿಗೆ ಹೋದಾಗ ಕಂಡದ್ದು ಬೆಂಕಿಯಿಲ್ಲದ ಕೋಣೆಗಳಲ್ಲಿ ಬರಿಮೈಯಲ್ಲಿ ಬಿದ್ದಿದ್ದ ಮಕ್ಕಳನ್ನು. ಕಮ್ಯುನಿಸ್ಟ್ ಕಾಲದ ಅಪರಾಧಗಳನ್ನು ತನಿಖೆ ಮಾಡುವ ಇಲ್ಲಿನ ಸಂಸ್ಥೆ 2017ರಲ್ಲಿ ಚಿಗಿಡ್, ಪಸ್ತ್ರವೇನಿ, ಸಿಗೆತು ಮರ್ಮಾತ್ಸಿಯೆಯ್ ಎಂಬ ಮೂರು ಕಡೆಯ ದಾಖಲೆ ತೆಗೆದು, 771 ಮಕ್ಕಳ ಸಾವಿನ ಬಗ್ಗೆ ದೂರು ಕೊಟ್ಟಿತು. ಬರೀ ಮೂರು ಜಾಗ. ಇಂಥವು ದೇಶದಲ್ಲಿ ಇನ್ನೂ ಎಷ್ಟೋ ಇದ್ದವು.

ಟಿವಿಯಲ್ಲಿ ಈ ಚಿತ್ರಗಳು ಬಂದದ್ದೇ ತಡ, ಜಗತ್ತೇ ಇಲ್ಲಿಗೆ ಎದ್ದು ಬಂತು. ಲಾರಿಗಟ್ಟಲೆ ಬಟ್ಟೆ, ಹಾಲಿನ ಪುಡಿ, ಆಟದ ಸಾಮಾನು. ಅದರಿಂದ ಜೀವ ಉಳಿದವರಿದ್ದಾರೆ, ಆ ಉಪಕಾರವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಬಂದವರಲ್ಲಿ ಬಹುತೇಕರು ಫೋಟೋ ತೆಗೆದುಕೊಂಡು, ಅತ್ತು, ಪ್ರಾರ್ಥನೆ ಮಾಡಿ, ವಾಪಸ್ ಹೋದರು. ಕೆಲವೇ ಕೆಲವರು ಬಾಡಿಗೆ ಮನೆ ಹಿಡಿದು, ಭಾಷೆ ಕಲಿತು, ಉಳಿದರು. ಇವತ್ತು ಈ ದೇಶದಲ್ಲಿ ಅಂಗವಿಕಲರಿಗಾಗಿ ಇರುವ ಸಣ್ಣ ಸಣ್ಣ ಮನೆಗಳು, ಹಗಲು ಕೇಂದ್ರಗಳು ಎದ್ದದ್ದರಲ್ಲಿ ಹಾಗೆ ಉಳಿದವರ ಪಾಲು ದೊಡ್ಡದು. ಅವರ ಜೊತೆ ನಿಂತ ಇಲ್ಲಿನವರ ಪಾಲು ಇನ್ನೂ ದೊಡ್ಡದು.

ಈಗ ನಿಮ್ಮ ತಂಡದ ವಿಷಯಕ್ಕೆ ಬರುತ್ತೇನೆ.

ನೀವು ಇಂಥ ಸಂಸ್ಥೆಯ ಬಾಗಿಲು ದಾಟಿದ ಕೂಡಲೇ ಒಂದು ಮಗು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತದೆ. ಮುಖ ಕೂಡ ನೋಡಿರುವುದಿಲ್ಲ. ‘ಮಾಮಾ’ ಅನ್ನುತ್ತದೆ. ಇಲ್ಲಿ ಹಾಗಂದರೆ ಅಮ್ಮ. ನಿಮ್ಮ ಎದೆ ಕರಗುತ್ತದೆ, ಎಷ್ಟು ಪ್ರೀತಿ ಈ ಮಗುವಿಗೆ ಅನಿಸುತ್ತದೆ. ಆದರೆ ಮನೆಯಲ್ಲಿ ಬೆಳೆದ ಎರಡು ವರ್ಷದ ಮಗು ಹೊಸಬರನ್ನು ಕಂಡರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಅಡಗಿಕೊಳ್ಳುತ್ತದೆ. ಅದು ಸರಿಯಾದ ಬೆಳವಣಿಗೆ. ಯಾರು ನನ್ನವರು, ಯಾರಲ್ಲ ಅಂತ ಗೊತ್ತಿರುವ ಮಗು ಅದು. ಗುರುತಿಲ್ಲದವರ ಕುತ್ತಿಗೆಗೆಲ್ಲ ಬೀಳುವ ಮಗುವಿಗೆ ತನ್ನವರು ಅಂತ ಯಾರೂ ಇಲ್ಲ. ನೀವು ಎರಡು ವಾರ ಅದನ್ನು ಎತ್ತಿ ಆಡಿಸಿ, ಕೊನೆಯ ದಿನ ಅತ್ತು, ವಿಮಾನ ಹತ್ತುತ್ತೀರಿ. ಮುಂದಿನ ತಿಂಗಳು ಇನ್ನೊಂದು ತಂಡ. ಅಷ್ಟು ಜನ ಎತ್ತಿಕೊಂಡು ಅಷ್ಟು ಜನ ಬಿಟ್ಟು ಹೋದ ಮೇಲೆ, ನಿಜವಾಗಿಯೂ ಉಳಿಯಲು ಬಂದವರನ್ನೂ ಆ ಮಗು ನಂಬುವುದಿಲ್ಲ.

ಇದು ಬರೀ ನನ್ನ ಅನಿಸಿಕೆಯಲ್ಲ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ವಿಜ್ಞಾನಿಗಳು 2000ದ ಹೊತ್ತಿಗೆ ಬುಕಾರೆಸ್ಟಿನಲ್ಲಿ ಒಂದು ಅಧ್ಯಯನ ಶುರುಮಾಡಿದರು. ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿ, ಎಲ್ಲರ ಬೆಳವಣಿಗೆಯನ್ನೂ ವರ್ಷಗಟ್ಟಲೆ ನೋಡಿದರು. ಮನೆ ಸಿಕ್ಕ ಮಕ್ಕಳು ಬುದ್ಧಿಯಲ್ಲಿ, ಜನರೊಂದಿಗೆ ಬೆರೆಯುವುದರಲ್ಲಿ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಎಲ್ಲರಿಗಿಂತ ಚೆನ್ನಾಗಿದ್ದರು. ಸಂಸ್ಥೆಯಲ್ಲೇ ಉಳಿದವರ ಮೆದುಳಿನ ಚಟುವಟಿಕೆಯೇ ಮಂದವಾಗಿತ್ತು. ಹುಟ್ಟಿನಿಂದಲೇ ದೊಡ್ಡ ಅಂಗವೈಕಲ್ಯ ಇದ್ದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಲೆಕ್ಕ ಸರಿ ಬರಬೇಕಾದರೆ ಹಾಗೆ ಮಾಡಲೇಬೇಕಿತ್ತು, ಅದು ತಪ್ಪಲ್ಲ. ಆದರೂ ನಮ್ಮ ಮನೆಯವರು ಅಲ್ಲೂ ಹೊರಗೇ ಉಳಿದರಲ್ಲಾ ಅಂತ ನನಗೆ ಸಂಕಟವಾಗುತ್ತದೆ.

ಕಾನೂನಿನಲ್ಲೂ ಹಾಗೇ ಆಯಿತು. 2004ರಲ್ಲಿ ರೊಮೇನಿಯಾ ಒಳ್ಳೆಯ ಕಾನೂನು ತಂದಿತು. ಎರಡು ವರ್ಷದೊಳಗಿನ ಮಗುವನ್ನು ಸಂಸ್ಥೆಗೆ ಹಾಕುವಂತಿಲ್ಲ, ಕುಟುಂಬಕ್ಕೇ ಕೊಡಬೇಕು. ಆದರೆ ಅದರಲ್ಲೇ ಒಂದು ವಿನಾಯಿತಿ ಇತ್ತು. ತೀವ್ರ ಅಂಗವೈಕಲ್ಯ ಇದ್ದು ವಿಶೇಷ ಆರೈಕೆ ಬೇಕಾದ ಮಗುವನ್ನು ಹಾಕಬಹುದು ಅಂತ. ಮನೆಯ ಅಗತ್ಯ ಎಲ್ಲರಿಗಿಂತ ಹೆಚ್ಚಿರುವ ಮಗುವಿಗೇ ಮನೆ ಕೊನೆಗೆ ಸಿಗುವ ಹಾಗಾಯಿತು.

ಹದಿನೆಂಟು ತುಂಬಿದ ಮೇಲೆ ಏನು ಅಂತ ನಿಮ್ಮ ಪತ್ರಗಳಲ್ಲಿ ಯಾರೂ ಕೇಳಿಲ್ಲ. ಹುಟ್ಟಿದ ಕೂಡಲೇ ಅನಾಥಾಲಯ ಸೇರಿದ್ದ ವಲೆಂಟಿನ್ ಕಂಪ್ಯಾನು ಎಂಬ ಹುಡುಗನ ಕೇಸು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಯಿತು. ಇಲ್ಲಿನ ಅಲ್ಪಸಂಖ್ಯಾತ ರೋಮಾ ಸಮುದಾಯದ ಹುಡುಗ. ಬುದ್ಧಿ ಬೆಳವಣಿಗೆಯ ತೊಂದರೆಯ ಜೊತೆ ಎಚ್‌ಐವಿ ಕೂಡ ಇತ್ತು. ಹದಿನೆಂಟಾಯಿತು ಅಂತ ಮಕ್ಕಳ ವ್ಯವಸ್ಥೆ ಅವನನ್ನು ಕೈಬಿಟ್ಟಿತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಾಗಿಸಿ, ಕೊನೆಗೆ 2004ರ ಫೆಬ್ರವರಿಯಲ್ಲಿ ಪೋಯಾನಾ ಮಾರೆ ಮಾನಸಿಕ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಅವನ ಪರವಾಗಿ ಕೇಳಲು ಬಂಧುಗಳು ಇರಲಿಲ್ಲ. ಒಂದು ಕಾನೂನು ನೆರವಿನ ಸಂಸ್ಥೆಯೇ ದಾವೆ ಹೂಡಿತು. 2014ರಲ್ಲಿ ತೀರ್ಪು ಅವನ ಕಡೆ ಬಂತು. ಇದು ಹಳೇ ಕಥೆ ಅನ್ನಬೇಡಿ. 2023ರ ಬೇಸಿಗೆಯಲ್ಲಿ ಬುಕಾರೆಸ್ಟಿನ ಪಕ್ಕದಲ್ಲೇ ಕೆಲವು ಖಾಸಗಿ ಆರೈಕೆ ಮನೆಗಳಲ್ಲಿ ವೃದ್ಧರನ್ನೂ ಅಂಗವಿಕಲರನ್ನೂ ಉಪವಾಸ ಕೆಡವಿದ್ದು ಬಯಲಾಗಿ, ಇಬ್ಬರು ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು.

ಹಾಗಾದರೆ ಇಲ್ಲಿ ಸೇವೆ ಅಂದರೆ ಏನು? ಒಂದು ಊಟದ ಹೊತ್ತನ್ನು ಹೇಳುತ್ತೇನೆ.

ನಮ್ಮ ಮನೆಯ ಹಿರಿಯನನ್ನು ನಾವು ‘ಅಣ್ಣ’ ಅಂತಲೇ ಕರೆಯುತ್ತೇವೆ. ವಯಸ್ಸು ಮೂವತ್ತು ದಾಟಿದರೂ ಮೈ ಹನ್ನೆರಡು ವರ್ಷದ ಹುಡುಗನದ್ದು. ಸಂಸ್ಥೆಯಲ್ಲಿ ಅವನನ್ನು ಮಲಗಿಸಿಯೇ ಉಣಿಸುತ್ತಿದ್ದರು. ಒಬ್ಬ ಆಯಾಗೆ ಇಪ್ಪತ್ತು, ಮೂವತ್ತು ಮಕ್ಕಳು. ಅವರಿಗೂ ಸಮಯ ಎಲ್ಲಿ? ಬಾಟಲಿಯ ನಿಪ್ಪಲ್ಲಿನ ತೂತು ದೊಡ್ಡದು ಮಾಡಿ, ಗಂಜಿಯಂಥದ್ದನ್ನು ತುಂಬಿ, ಬಾಯಿಗಿಟ್ಟು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ನುಂಗಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಹಾಗಾಗಿ ಅಣ್ಣ ಅಗಿಯುವುದನ್ನು ಕಲಿತೇ ಇರಲಿಲ್ಲ. ಚಮಚ ಹತ್ತಿರ ಬಂದರೆ ಇಡೀ ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು.

ಈಗ ಅವನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸುತ್ತೇವೆ. ಸೊಂಟಕ್ಕೆ ಬೆಲ್ಟು, ಪಾದಕ್ಕೆ ಆಸರೆ. ಪಾದ ಊರಿದ್ದರೆ ಗಂಟಲು ಸಡಿಲಾಗುತ್ತದೆ. ಗದ್ದ ಸ್ವಲ್ಪ ಕೆಳಗೆ ಬಾಗಿರಬೇಕು. ತಲೆ ಹಿಂದಕ್ಕೆ ವಾಲಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರಿಂದಲೇ ನ್ಯುಮೋನಿಯಾ. ನಾನು ಅವನೆದುರು ಅವನ ಕಣ್ಣಿಗಿಂತ ತಗ್ಗಿನಲ್ಲಿ ಕೂರುತ್ತೇನೆ. ಚಮಚವನ್ನು ತುಟಿಯ ಬದಿಗೆ ತಂದು ಕಾಯಬೇಕು. ಅವನೇ ಬಾಯಿ ತೆರೆಯಬೇಕು. ತುರುಕಬಾರದು. ನುಂಗಿದ್ದು ಗೊತ್ತಾಗಲು ಗಂಟಲ ಮೇಲೆ ಕಣ್ಣಿಡಬೇಕು. ಮುಕ್ಕಾಲು ಗಂಟೆ ಬೇಕು ಒಂದು ಊಟಕ್ಕೆ. ಹೊಸಬರ ಕೈಯಿಂದ ಅವನು ತಿನ್ನುವುದೇ ಇಲ್ಲ. ಒಬ್ಬರ ಕೈ, ಒಬ್ಬರ ದನಿ ಒಗ್ಗಲು ಅವನಿಗೆ ತಿಂಗಳುಗಳು ಬೇಕು. ಎರಡು ವಾರಕ್ಕೆ ಬಂದವರು ಇಲ್ಲಿ ಏನು ಮಾಡಬಹುದು, ನೀವೇ ಹೇಳಿ.

ಕಳೆದ ಚಳಿಗಾಲದಲ್ಲಿ ಅಣ್ಣ ಬ್ರೆಡ್ಡಿನ ತುಂಡೊಂದನ್ನು ತಾನೇ ಹಿಡಿದು ಬಾಯಿಗಿಟ್ಟುಕೊಂಡ. ಅಗಿದ. ಅಡುಗೆಮನೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಿಂತೆವು. ನನ್ನ ಗಂಡ ಕನ್ನಡದಲ್ಲೇ ‘ಸ್ತೋತ್ರ’ ಅಂತ ಕೂಗಿದರು.

‘ಎಷ್ಟು ಆತ್ಮಗಳು ರಕ್ಷಣೆಗೆ ಬಂದವು?’ ಅಂತ ವರದಿಯ ಫಾರಮ್ಮಿನಲ್ಲಿ ಕೆಲವು ಕಮಿಟಿಗಳು ಕೇಳುತ್ತವೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ದೇಶ ಮೊದಲಿನಿಂದಲೂ ಕ್ರೈಸ್ತ ದೇಶ, ಬಹುಪಾಲು ಜನ ಆರ್ಥಡಾಕ್ಸ್ ಸಭೆಯವರು. ಪುನರುತ್ಥಾನದ ಹಬ್ಬಕ್ಕೆ ಪಕ್ಕದ ಮನೆಯ ಅಜ್ಜಿ ಕೊಜೊನಾಕ್ ಅನ್ನುವ ಸಿಹಿ ಬ್ರೆಡ್ಡು, ಕೆಂಪು ಬಣ್ಣ ಹಚ್ಚಿದ ಮೊಟ್ಟೆ ತಂದು ‘ಕ್ರಿಸ್ತನು ಎದ್ದಿದ್ದಾನೆ’ ಅನ್ನುತ್ತಾರೆ. ‘ನಿಜವಾಗಿಯೂ ಎದ್ದಿದ್ದಾನೆ’ ಅಂತ ನಾವು ಉತ್ತರ ಕೊಡುತ್ತೇವೆ. ಅವರನ್ನು ನಾವು ಯಾವುದಕ್ಕೆ ಬದಲಾಯಿಸಬೇಕು? ಇನ್ನು ಅಣ್ಣನಿಗೆ ಮಾತಿಲ್ಲ. ಅವನು ಏನು ನಂಬಿದ್ದಾನೆ ಅಂತ ನಾನು ಫಾರಮ್ಮಿನಲ್ಲಿ ತುಂಬಲಾರೆ. ಹಸಿದವನಿಗೆ ಉಣಿಸಿದ್ದು ನನಗೇ ಮಾಡಿದ ಹಾಗೆ ಅಂತ ಯೇಸು ಹೇಳಿದ್ದಾನಲ್ಲ, ನಮ್ಮ ವರದಿ ಅಲ್ಲಿಗೆ ಹೋಗುತ್ತದೆ ಅಂತ ನಂಬಿದ್ದೇವೆ.

ಭಾರತದವರನ್ನೇ ಯಾಕೆ ಕೇಳುತ್ತೇನೆ ಅನ್ನುವುದಕ್ಕೆ ಒಂದು ಕಾರಣವಿದೆ. ಈ ಸಂಸ್ಥೆಗಳಿಗೆ ಬಿದ್ದ ಮಕ್ಕಳಲ್ಲಿ ರೋಮಾ ಸಮುದಾಯದವರು ಬಹಳ. ಸಾವಿರ ವರ್ಷದಷ್ಟು ಹಿಂದೆ ಭಾರತದ ಕಡೆಯಿಂದ ಹೊರಟವರ ವಂಶ ಅದು. ಅವರ ಭಾಷೆಯಲ್ಲಿ ನೀರಿಗೆ ಪಾನಿ, ಮೂಗಿಗೆ ನಾಕ್. ಇಲ್ಲಿ ಅವರನ್ನು ಕೀಳಾಗಿ ಕಾಣುವವರು ಇನ್ನೂ ಇದ್ದಾರೆ. ನನ್ನ ಮೈಬಣ್ಣ ನೋಡಿ ಬಸ್ಸಿನಲ್ಲಿ ಕೆಲವರು ಪರ್ಸು ಒತ್ತಿ ಹಿಡಿದುಕೊಳ್ಳುತ್ತಾರೆ, ನಮ್ಮನ್ನೂ ರೋಮಾ ಅಂದುಕೊಂಡು. ನೋವಾಗುತ್ತದೆ. ಆದರೆ ಅದೇ ಬಣ್ಣ ನೋಡಿ ನಮ್ಮ ಮನೆಯ ಒಬ್ಬ ಹುಡುಗಿ ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ನೋಡಿ, ನಗುತ್ತಾಳೆ. ಅವಳ ಜೀವನದಲ್ಲಿ ತನ್ನ ಬಣ್ಣದವರು ಯಾರೂ ಅಧಿಕಾರಿಯ ಜೊತೆ ಮೇಜಿನ ಎದುರು ಕೂತು ಮಾತಾಡಿದ್ದನ್ನು ಅವಳು ನೋಡಿರಲಿಲ್ಲ. ಇದು ನಾವು ಕೊಡಬಹುದಾದದ್ದು.

ಉಳಿಯುವವರ ಬೆಲೆ ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಎರಡು ವಾರಕ್ಕೆ ಬಂದು ಹೋಗಿದ್ದರೆ ಇವರ ಹೆಸರು ಇವತ್ತು ಯಾರಿಗೆ ಗೊತ್ತಿರುತ್ತಿತ್ತು? ಅವರು ನಮ್ಮ ಮಾತು ಕಲಿತರು, ನಮ್ಮ ಕಾಯಿಲೆಗಳನ್ನೂ ಅನುಭವಿಸಿದರು, ಎಷ್ಟೋ ಜನ ನಮ್ಮ ಮಣ್ಣಲ್ಲೇ ಮಲಗಿದರು. ಆ ಸಭೆಗಳ ಮೊಮ್ಮಕ್ಕಳು ನಾವು. ನಮ್ಮ ಸರದಿ ಬಂದಿದೆ.

ಹಣದ ವಿಷಯ. ‘ಅಲ್ಲೊಂದು ದೊಡ್ಡ ಅನಾಥಾಶ್ರಮ ಕಟ್ಟಿಸೋಣ, ಸಭೆಯ ಹೆಸರಿನ ಕಲ್ಲು ಹಾಕಿಸೋಣ’ ಅಂದವರಿದ್ದಾರೆ. ಬೇಡ. ಕಟ್ಟಡ ಎದ್ದರೆ ಅದನ್ನು ತುಂಬಿಸಲು ಮಕ್ಕಳು ಬೇಕಾಗುತ್ತಾರೆ. ಈ ದೇಶ ಕಷ್ಟಪಟ್ಟು ಅಂಥ ಕಟ್ಟಡಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಿದೆ. ನಿಮ್ಮ ಕಾಣಿಕೆ ಇಲ್ಲಿನ ಒಬ್ಬ ಆಯಾಳ ಸಂಬಳಕ್ಕೆ ಹೋಗಲಿ. ಅಂಗವಿಕಲ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲೇ ಬಿಟ್ಟು ಹೋಗಬೇಕೇ ಬೇಡವೇ ಅಂತ ಒದ್ದಾಡುವ ತಾಯಿಗೆ ಮೊದಲ ವರ್ಷ ಬಾಡಿಗೆ, ಸೌದೆ, ಥೆರಪಿ ಕೊಡಲು ಹೋಗಲಿ. ಇದರಲ್ಲಿ ಫೋಟೋಗೆ ಸಿಗುವಂಥದ್ದು ಏನೂ ಇಲ್ಲ. ಫೋಟೋ ನಾವು ಕಳಿಸುವುದೂ ಇಲ್ಲ. ಬರಿಮೈಯ ಚಿತ್ರಗಳನ್ನು ಜಗತ್ತು ಇವರ ಅನುಮತಿ ಕೇಳದೆ ಸಾಕಷ್ಟು ನೋಡಿದೆ.

ಯೌವನಸ್ಥರಿಗೆ ಒಂದು ಮಾತು. ನಿಮ್ಮ ಉತ್ಸಾಹ ಸುಮ್ನೆ ಆರಿಹೋಗಬಾರದು. ನಿಮ್ಮದೇ ಸಭೆಯಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗುವಿನ ತಾಯಿ ಒಬ್ಬರು ಇದ್ದೇ ಇರುತ್ತಾರೆ. ಆರಾಧನೆಯ ಹೊತ್ತಿನಲ್ಲಿ ಮಗು ಕೂಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ ಅಂತ ಆಕೆ ಬರುವುದನ್ನೇ ಬಿಟ್ಟಿರುತ್ತಾರೆ. ಆ ಮನೆಗೆ ವಾರಕ್ಕೊಮ್ಮೆ, ಒಂದು ವರ್ಷ ತಪ್ಪದೆ ಹೋಗಿ. ಮಗುವಿಗೆ ಉಣಿಸುವುದನ್ನು ಆಕೆಯಿಂದಲೇ ಕಲಿಯಿರಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಆಗಿಲ್ಲದಿದ್ದರೆ ಅರ್ಜಿ ಹಾಕಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ, ಎಷ್ಟೋ ಮನೆಗಳಿಗೆ ಅದು ಗೊತ್ತೇ ಇಲ್ಲ. ಸಾಧ್ಯವಾದರೆ ಆ ತಾಯಿಗೆ ಒಂದು ಮಧ್ಯಾಹ್ನ ನಿದ್ದೆ ಮಾಡಲು ಬಿಡುವು ಕೊಡಿ. ನಮ್ಮ ದೇಶದಿಂದ ವಿದೇಶಕ್ಕೆ ದತ್ತು ಹೋಗುವ ಮಕ್ಕಳಲ್ಲಿ ವಿಶೇಷ ಅಗತ್ಯದ ಮಕ್ಕಳ ಪಾಲು ದೊಡ್ಡದು. ನಮ್ಮ ದೇಶದವರು ಕೈಹಿಡಿಯದ್ದರಿಂದ ಹೋಗುತ್ತಾರೆ. ಹೀಗೆ ಒಂದು ವರ್ಷ ಮಾಡಿದ ಮೇಲೂ ಇದೇ ನನ್ನ ಕೆಲಸ ಅನಿಸಿದವರು ನಮಗೆ ಬರೆಯಿರಿ.

ನಮಗೆ ಈಗ ತುರ್ತಾಗಿ ಬೇಕಾಗಿರುವುದು ಮಾತು ಮತ್ತು ನುಂಗುವಿಕೆಯ ಥೆರಪಿ ಬಲ್ಲ ಒಬ್ಬರು, ರಾತ್ರಿ ಪಾಳಿ ಮಾಡಬಲ್ಲ ಒಬ್ಬ ನರ್ಸು. ಮದುವೆಯಾದವರು ಜೋಡಿಯಾಗಿ ಬಂದರೂ ಸರಿ. ಕಡಿಮೆಯೆಂದರೆ ಮೂರು ವರ್ಷ ಇರಬೇಕು. ಮೊದಲ ವರ್ಷ ಬರೀ ರೊಮೇನಿಯನ್ ಭಾಷೆ ಕಲಿಯುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ, ಇಲ್ಲಿನ ಆಯಾಗಳ ಕೈಕೆಳಗೆ ಕೆಲಸ ಮಾಡುವುದಕ್ಕೆ ಹೋಗುತ್ತದೆ. ಆ ವರ್ಷದ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ, ಅದಕ್ಕೆ ಕಮಿಟಿ ಮೊದಲೇ ಒಪ್ಪಿರಬೇಕು. ಇಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಇಲಾಖೆಗೆ ತೋರಿಸಲು ಓದಿದ ಸರ್ಟಿಫಿಕೇಟು, ಪೊಲೀಸ್ ಕ್ಲಿಯರೆನ್ಸ್ ಬೇಕು. ವಾಸದ ಪರವಾನಗಿಗೆ ಸಮಯ ಹಿಡಿಯುತ್ತದೆ, ಹಾಗಾಗಿ ಈ ವರ್ಷವೇ ಶುರುಮಾಡಬೇಕು.

ಮುಂದಿನ ಕಮಿಟಿ ಕೂಟದಲ್ಲಿ ಈ ಪತ್ರವನ್ನು ಪೂರ್ತಿ ಓದಿ. ತಂಡದ ಟಿಕೆಟ್ ಇನ್ನೂ ಬುಕ್ ಆಗಿರದಿದ್ದರೆ ನಿಲ್ಲಿಸಿ. ಬುಕ್ ಆಗಿದ್ದರೆ, ನಷ್ಟವಾದರೂ ರದ್ದು ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಯಾರನ್ನು ಕಳಿಸುತ್ತೀರಿ ಅನ್ನುವ ಉತ್ತರಕ್ಕಾಗಿ ಕಾಯುತ್ತಿರುತ್ತೇವೆ.

ನಿಮ್ಮ ಸಹೋದರಿ,
ರೊಮೇನಿಯಾದಿಂದ